ಜವರಯ್ಯ ಮೇಷ್ಟ್ರ ಹಿತ್ತಿಲ ಬಾಗಿಲು

ಯಾವ ಮನೆಯ ನಕ್ಷೆಯನ್ನೇ ತಂದು ಮುಂದಿಡಿ, ಜವರಯ್ಯ ಮೇಷ್ಟ್ರು ಮೊದಲು ನಡುಮನೆ ನೋಡುತ್ತಿರಲಿಲ್ಲ, ದೇವರ ಮನೆ ನೋಡುತ್ತಿರಲಿಲ್ಲ, ಕಿಟಕಿಯಿಂದ ಗಾಳಿ ಬರುತ್ತದೋ ಇಲ್ಲವೋ ಅಂತಲೂ ನೋಡುತ್ತಿರಲಿಲ್ಲ. ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಕೆಂಪು-ನೀಲಿ ಪೆನ್ಸಿಲನ್ನು ತೆಗೆದು, ಹಾಳೆಯ ಮೇಲೆ ಟಕಟಕ ಕುಟ್ಟಿ, "ಗುಡಿಸೋಳು ಎಲ್ಲಿಂದ ಬತ್ತಾಳೆ?" ಎಂದು ಕೇಳುತ್ತಿದ್ದರು. ನಾವು ಕಣ್ಣುಕಣ್ಣು ಬಿಡುತ್ತಿದ್ದೆವು. ಮನೆ ಎಂದರೆ ಗಂಡ, ಹೆಂಡತಿ, ಮಕ್ಕಳು, ಬಂದು ಹೋಗುವ ನೆಂಟರು, ಇಷ್ಟೇ ನಮ್ಮ ತಲೆಯಲ್ಲಿದ್ದದ್ದು. ಗುಡಿಸುವವಳು ಎಲ್ಲಿಂದಲೋ ಬರುತ್ತಾಳೆ, ಎಲ್ಲಿಂದಲೋ ಹೋಗುತ್ತಾಳೆ, ಅವಳಿಗೂ ಒಂದು ಗೆರೆ ಎಳೆಯಬೇಕೇ? ಯಾವನಾದರೂ ಬಾಯಿತಪ್ಪಿ "ಇಂದ್ಗಡೆಯಿಂದ ಸಾ" ಅಂದನೋ, ಮುಗಿಯಿತು. ಹಾಳೆಯ ಮೇಲೆ ಕೆಂಪು ಅಡ್ಡಗೆರೆ ಬೀಳುತ್ತಿತ್ತು. "ಮುಂದ್ಗಡೆಯಿಂದ್ಲೇ ಬರೋಂಗೆ ಬರ್ಕಂಡು ಬಾ ಓಗು" ಎನ್ನುತ್ತಿದ್ದರು. ಹೇಳಿದ್ದೇ ಹೇಳೋ ಕಿಸಬಾಯಿದಾಸ ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಆಚೆ ಒಂದು ಬಾಡಿಗೆ ಕಟ್ಟಡದಲ್ಲಿ ನಮ್ಮ ಶಾಲೆ. ಕಟ್ಟಡದ ನಕ್ಷೆ ಬರೆಯುವುದನ್ನು ಕಲಿಸಿ, ಸರ್ಕಾರಿ ಕಚೇರಿಗಳಿಗೆ ಡ್ರಾಫ್ಟ್ಸ್‌ಮನ್ನರನ್ನು ತಯಾರು ಮಾಡುವ ಸಣ್ಣ ಶಾಲೆ ಅದು. ಜವರಯ್ಯ ಮೇಷ್ಟ್ರು ಅಲ್ಲಿ ನಕ್ಷೆ ಕಲಿಸುವವರು. ಸಣ್ಣ ಆಳು, ಕಪ್ಪು ಮೈ, ನೀಲಿ ಅದ್ದಿ ಒಣಗಿಸಿದ ಬಿಳಿ ಅಂಗಿ. ಬರೆಯುವಾಗ ಅಂಗೈ ಬೆವರು ಹಾಳೆಗೆ ತಾಗಬಾರದೆಂದು ಕೈಕೆಳಗೆ ಮಡಿಸಿದ ಕರ್ಚೀಫು ಇಟ್ಟುಕೊಳ್ಳುತ್ತಿದ್ದರು. ಸೈಕಲ್ಲು ನಿಲ್ಲಿಸುವ ಜಾಗದ ಪಕ್ಕದಲ್ಲೇ ನಮ್ಮ ಕೋಣೆಗೆ ಒಂದು ಬಾಗಿಲಿತ್ತು. ನಾವೆಲ್ಲ ಅಲ್ಲಿಂದಲೇ ನುಗ್ಗುತ್ತಿದ್ದೆವು. ಅವರು ಮಾತ್ರ ಮಳೆ ಹೊಯ್ಯಲಿ, ಬಿಸಿಲು ಸುಡಲಿ, ಇಡೀ ಕಟ್ಟಡವನ್ನು ಸುತ್ತು ಹಾಕಿ ಮುಂಬಾಗಿಲಿನಿಂದಲೇ ಒಳಗೆ ಬರುತ್ತಿದ್ದರು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅಂತ ಇದಕ್ಕೂ ನಗುತ್ತಿದ್ದೆವು. ನಗುವುದಕ್ಕೆ ಆ ವಯಸ್ಸಿನಲ್ಲಿ ಕಾರಣ ಬೇಕೇ?

ನನ್ನ ವಿಷಯ ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. ನಾನು ಶಾಂತಿಗ್ರಾಮದ ಗೌಡರ ಮನೆಯ ನಾಲ್ಕನೆಯ ಹೆಣ್ಣು. ಹೆಣ್ಣು ಸಾಕು ಅಂತ ದೇವರಿಗೆ ತಿಳಿಸುವುದಕ್ಕೆ ನನಗೆ ಸಾಕಮ್ಮ ಎಂದು ಹೆಸರಿಟ್ಟರು. ದೇವರು ಅದನ್ನೂ ಕೇಳಿಸಿಕೊಳ್ಳಲಿಲ್ಲ, ನನ್ನ ಹಿಂದೆ ಇನ್ನೊಂದು ಹೆಣ್ಣಾಯಿತು. ಗೆರೆ ಎಳೆಯುವ ಹುಚ್ಚು ನನಗೆ ಹೇಗೆ ಹತ್ತಿತೋ ಗೊತ್ತಿಲ್ಲ. ಹಾಸನದ ಸೋದರತ್ತೆಯ ಮನೆಯಲ್ಲಿದ್ದು ಆ ಶಾಲೆಗೆ ಸೇರಿದೆ. ಇಡೀ ತರಗತಿಗೆ ನಾನೊಬ್ಬಳೇ ಹುಡುಗಿ. ಮೊದಲ ದಿನ ಎತ್ತರದ ಮೇಜಿನ ಮುಂದೆ ಸೀರೆ ಸೆರಗು ಬಿಗಿದು ನಿಂತಾಗ ಹಿಂದಿನ ಸಾಲಿನವನೊಬ್ಬ, "ರಂಗೋಲಿ ಪುಡಿ ತರಾನೇನಲಾ?" ಅಂದ. ಎಲ್ಲರೂ ಕಿಸಕ್ಕೆಂದರು. ಮೇಷ್ಟ್ರು ತಲೆ ಎತ್ತದೆ, "ಗೆರೆ ಎಳ್ದೋರು ಗಂಡೋ ಎಣ್ಣೋ ಅಂತ ಕಾಗ್ದುಕ್ ಎಂಗ್ಲಾ ಗೊತ್ತಾಯ್ತದೆ? ನಿನ್ ಗೆರೆ ನೋಡ್ಕೊ ಮೊದ್ಲು, ಕೋಳಿ ಕೆರ್ದಂಗೈತೆ" ಎಂದರು. ಪಾಠ ಹೇಳುವಾಗ ಅವರದು ಪುಸ್ತಕದ ಕನ್ನಡ. ಬೈಯುವಾಗ ಮತ್ತು ಮನಸ್ಸು ತುಂಬಿ ಬಂದಾಗ ಮಾತ್ರ ಊರಿನ ಮಾತು ಹೊರಗೆ ಬರುತ್ತಿತ್ತು.

ಒಂದು ಸಲ ನಮ್ಮನ್ನೆಲ್ಲ ಕೊರವಂಗಲದ ದೇವಸ್ಥಾನ ಅಳೆಯಲು ಕರೆದುಕೊಂಡು ಹೋದರು. ನೋಡಿ ನೋಡಿ ಕಲಿಯುವುದಲ್ಲ, ಟೇಪು ಹಿಡಿದು ಕಲಿಯಬೇಕು ಎನ್ನುವುದು ಅವರ ಪಾಠ. ನಾವು ಒಳಗಿನ ಕಂಬಗಳನ್ನು ಅಳೆಯುತ್ತಿದ್ದರೆ ಅವರು ಹೊರಗೆ ನಿಂತು ಟೇಪಿನ ತುದಿ ಹಿಡಿದುಕೊಂಡಿದ್ದರು. ಬಾಗಿಲಲ್ಲಿ ಅವರನ್ನು ತಡೆದವರು ಯಾರೂ ಇಲ್ಲ. ಒಬ್ಬ ಅಜ್ಜ ಮಾತ್ರ ನೆರಳಲ್ಲಿ ಕೂತು, "ಯಾವೂರಾಯ್ತು? ಯಾರ ಪೈಕಿ?" ಎಂದು ವಿಚಾರಿಸಿದ್ದ, ಎಲ್ಲರನ್ನೂ ವಿಚಾರಿಸುವ ಹಾಗೆ. ಅಷ್ಟಕ್ಕೇ ಮೇಷ್ಟ್ರು ಹೊಸ್ತಿಲ ಈಚೆಗೇ ಉಳಿದರು. "ಒಳಿಕ್ ಬನ್ನಿ ಸಾ, ಚಾವಣಿ ನೋಡಿ ಎಂಗದೆ" ಎಂದು ನಾನು ಕರೆದೆ. "ಒರಗೋಡೆನೇ ಬೇಕಾದಷ್ಟದೆ ಕಣವ್ವಾ, ನೋಡಿ ಮುಗಿಯಾಕಿಲ್ಲ" ಎಂದು ನಕ್ಕರು. ನಿಜ ಹೇಳಬೇಕೆಂದರೆ ಹೊರಗೋಡೆಯನ್ನು ಅವರ ಹಾಗೆ ಬರೆದವರನ್ನು ನಾನು ಕಂಡಿಲ್ಲ.

ಬುತ್ತಿ ಬಿಚ್ಚಿ ಊಟ ಮಾಡುವಾಗ, ಕೇಳಬಾರದಾಗಿತ್ತೇನೋ, ಕೇಳಿಬಿಟ್ಟೆ. "ಆ ಗುಡಿಸೋಳ ವಿಚಾರ ಯಾಕ್ ಸಾ ಅಷ್ಟೊಂದು?" ಅವರು ಮುದ್ದೆಯ ತುತ್ತು ಮುರಿದು ಸಾರಿಗೆ ಅದ್ದುತ್ತ ಹೇಳಿದರು. ಅವರ ಅವ್ವ ಹೊಳೆನರಸೀಪುರದಲ್ಲಿ ಮನೆಮನೆಯ ಕಕ್ಕಸು ಬಳಿಯುತ್ತಿದ್ದವಳು. ಆಗಿನ ಪೇಟೆಗಳಲ್ಲಿ ಸಾಲುಮನೆಗಳ ಬೆನ್ನಿಗೆ ಒಂದು ಇಕ್ಕಟ್ಟಾದ ಸಂದಿ ಇರುತ್ತಿತ್ತು. ಕಕ್ಕಸಿನ ತಗಡಿನ ಬಾಗಿಲು ಆ ಸಂದಿಗೇ ತೆರೆಯುತ್ತಿತ್ತು. ಬುಟ್ಟಿ ಹೊತ್ತವರು ಅಲ್ಲಿಂದಲೇ ಬಂದು ಅಲ್ಲಿಂದಲೇ ಹೋಗಬೇಕು, ಮನೆಯ ಮುಂದೆ ಸುಳಿಯುವಂತಿಲ್ಲ. "ನಮ್ಮವ್ವ ಆ ಬೀದಿಲಿ ಮೂವತ್ತೊರ್ಸ ಕೆಲ್ಸ ಮಾಡುದ್ಲು. ಒಂದ್ ಮನೆ ಮುಂಬಾಗ್ಲು ಯಾವ್ ಬಣ್ಣ ಅಂತ್ಲೂ ಗೊತ್ತಿರ್ಲಿಲ್ಲ ಕಣವ್ವಾ ಅವ್ಳಿಗೆ" ಎಂದರು. ಆಮೇಲೆ, "ಸಾರು ಚೆನ್ನಾಗದೆ, ನಿಮ್ಮತ್ತೆ ಮಾಡಿದ್ದಾ?" ಎಂದು ಕೇಳಿದರು.

ಅಂಥವರು ನಕ್ಷೆಯ ಕೆಲಸಕ್ಕೆ ಹೇಗೆ ಬಂದರು ಎಂದರೆ ಹಾಸ್ಟೆಲ್ಲು, ವಿದ್ಯಾರ್ಥಿವೇತನ, ಯಾರೋ ಒಬ್ಬ ಪುಣ್ಯಾತ್ಮ ಇಂಜಿನಿಯರು ಕೊಡಿಸಿದ, ನಕ್ಷೆಯ ನಕಲು ತೆಗೆಯುವ ಟ್ರೇಸಿಂಗ್ ಕೆಲಸ, ಹೀಗೆ ಒಂದೊಂದೇ ಮೆಟ್ಟಿಲು. ಆ ಕಾಲಕ್ಕೆ ನಮ್ಮ ಜಿಲ್ಲೆಯಲ್ಲಿ ನಕ್ಷೆ ಬರೆಯುವವರ ಪೈಕಿ ಅವರ ಕುಲದವರು ಇನ್ನೊಬ್ಬರಿದ್ದರೋ ಇಲ್ಲವೋ, ನಾನಂತೂ ಕಾಣಲಿಲ್ಲ. ಹೆಂಗಸರ ಪೈಕಿ ನಾನೊಬ್ಬಳು. ಒಂಟಿ ಎತ್ತುಗಳೆರಡು ಒಂದೇ ಕೊಟ್ಟಿಗೆಯಲ್ಲಿ ಸಿಕ್ಕಿದ ಹಾಗಾಗಿತ್ತು ನಮ್ಮ ಸ್ಥಿತಿ.

ಬೆಂಗಳೂರಿನ ಇಂಜಿನಿಯರುಗಳ ಒಂದು ಸಂಘ ಪ್ರತಿ ವರ್ಷ ಇಂಥ ಶಾಲೆಗಳ ವಿದ್ಯಾರ್ಥಿಗಳಿಗೆ ಒಂದು ಸ್ಪರ್ಧೆ ಇಡುತ್ತಿತ್ತು. ಸಣ್ಣ ಸಂಬಳದ ನೌಕರರಿಗೆ ಒಂದು ಮಾದರಿ ಮನೆ ಬರೆದು ಕಳಿಸಬೇಕು. ಗೆದ್ದವರಿಗೆ ಬೆಳ್ಳಿಯ ಕಪ್ಪು, ಜೊತೆಗೆ ಸರ್ಕಾರಿ ನಕ್ಷೆ ಕಚೇರಿಯಲ್ಲಿ ಕೆಲಸ. ನಮ್ಮ ಶಾಲೆಯಿಂದ ಪ್ರತಿ ವರ್ಷವೂ ನಕ್ಷೆ ಹೋಗುತ್ತಿತ್ತು, ಪ್ರತಿ ವರ್ಷವೂ ಅದೇ ಷರಾ ಹೊತ್ತು ಹಿಂದಕ್ಕೆ ಬರುತ್ತಿತ್ತು: ಹಿಂಬದಿಯ ದಾರಿ ತೋರಿಸಿಲ್ಲ. ಮೇಷ್ಟ್ರು ಬರೆಸುವ ಮನೆಗೆ ಸಂದಿ ಇರುತ್ತಿರಲಿಲ್ಲ. ನೆಲದಡಿಯಲ್ಲಿ ಗುಂಡಿ, ಅದಕ್ಕೆ ನೀರು ಹೊಯ್ಯುವ ಕಕ್ಕಸು, ಯಾರೂ ತಲೆಯ ಮೇಲೆ ಹೊರಬೇಕಾದ್ದಿಲ್ಲ. ಗುಡಿಸುವವಳು ಎಲ್ಲರ ಹಾಗೆ ಮುಂದಿನಿಂದಲೇ ಬರುತ್ತಾಳೆ. ಶಾಲೆಯ ಸೂಪರಿಂಟೆಂಡೆಂಟರು ಒಳ್ಳೆಯವರೇ, ಆದರೆ ಅವರಿಗೂ ಸಾಕಾಗಿತ್ತು. "ಏನ್ರೀ ಜವರಯ್ಯ, ನಿಮ್ಮ ಹುಡುಗರು ವರ್ಷಾ ವರ್ಷಾ ಹಿತ್ತಿಲ ಬಾಗಿಲು ಮರೆಯುತ್ತಾರಲ್ಲ?" ಎನ್ನುತ್ತಿದ್ದರು. "ಮರೆತಿಲ್ಲ ಸಾರ್, ಬೇಡ ಅಂದಿದ್ದೇವೆ" ಎಂದು ಇವರ ಉತ್ತರ.

ನನಗಿಂತ ಹಿಂದಿನ ವರ್ಷ ಚನ್ನರಾಯಪಟ್ಟಣದ ಒಬ್ಬ ಹುಡುಗ ಬರೆದಿದ್ದ. ಚಿನ್ನದಂಥ ಕೈ ಅವನದು. ಗೆಲ್ಲಬೇಕಾಗಿತ್ತು, ಅದೇ ಷರಾ ಬಿದ್ದು ಸೋತ. ಮನೆಯಲ್ಲಿ ತಾಪತ್ರಯ, ಮತ್ತೆ ಬರೆಯಲು ಕಾಯುವಂತಿರಲಿಲ್ಲ, ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿ ಸೇರಿಕೊಂಡ. ಹೋಗುವ ದಿನ ಕೋಣೆಯ ಬಾಗಿಲಲ್ಲಿ ನಿಂತು ಮೇಷ್ಟ್ರಿಗೆ ಹೇಳಿದ: "ನಿಮ್ ಅಟಕ್ಕೆ ನನ್ ಬದುಕು ಓಯ್ತು ಸಾ. ನಿಮ್ಮವ್ವನ್ ಬಾಗ್ಲಿಗೆ ನನ್ ಬಾಗ್ಲು ಮುಚ್ಚುದ್ರಿ." ಮೇಷ್ಟ್ರು ಕರ್ಚೀಫು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಅಂದಿನಿಂದ ಅವರ ಧ್ವನಿ ಸ್ವಲ್ಪ ಇಳಿಯಿತು ಅಂತ ನನಗೆ ಅನ್ನಿಸುತ್ತದೆ.

ಮರುವರ್ಷ ನನ್ನ ಸರದಿ ಬಂತು. ಅಷ್ಟು ಹೊತ್ತಿಗೆ ನನ್ನ ಮನೆಯಲ್ಲೂ ಮಾತು ಬಿಗಿಯಾಗಿತ್ತು. ದುದ್ದದ ಒಂದು ಗಂಡು ನೋಡಿಟ್ಟಿದ್ದರು. ತೆಂಗಿನ ತೋಟವಿದ್ದ, ಮಾತು ಕಡಿಮೆಯಿದ್ದ ಗಂಡು. ಅಪ್ಪ ಹಾಸನಕ್ಕೇ ಬಂದು ಮೇಷ್ಟ್ರ ಎದುರಿಗೇ ಹೇಳಿದರು. "ನೋಡಿ ಮೇಷ್ಟ್ರೇ, ನೇರವಾಗೇ ಮಾತಾಡ್ತೀನಿ. ಇವ್ಳು ಗೆದ್ರೆ ಕೆಲ್ಸುಕ್ ಓಗ್ಲಿ, ನಾನು ಅಡ್ಡ ಬರಾಕಿಲ್ಲ. ಗೆಲ್ದಿದ್ರೆ ಈ ಗೆರೆ-ಗಿರೆ ಎಲ್ಲ ಸಾಕು, ಉಗಾದಿ ಆಯ್ತಿದ್ದಂಗೆ ಧಾರೆ." ಮೇಷ್ಟ್ರು "ಆಗ್ಲಿ ಗೌಡ್ರೇ" ಎಂದರು. ಅಪ್ಪ ಹೋದ ಮೇಲೆ ನನ್ನ ಮುಖ ನೋಡಿದರು.

ನಾನು ಹಗಲೆಲ್ಲ ಬರೆದೆ. ಮನೆಗೆ ಒಂದೇ ಗೇಟು, ಗೇಟಿನಿಂದ ಪಕ್ಕಕ್ಕೆ ಒಂದು ಹಾದಿ, ಎಲ್ಲರೂ ಬರುವುದು ಅಲ್ಲಿಂದಲೇ. ಹಿಂದೆ ಎದೆಮಟ್ಟದ ಗೋಡೆ, ಗೋಡೆಯಾಚೆ ಪಕ್ಕದವರ ಹಿತ್ತಿಲು. ಮೇಷ್ಟ್ರು ಬಂದು ಕೆಂಪು ತುದಿಯಿಂದ ಎಲ್ಲಿಯೂ ಗೀಚಲಿಲ್ಲ. "ಗುಡಿಸೋಳು ಎಲ್ಲಿಂದ ಬತ್ತಾಳೆ?" ಎಂದು ಕೇಳಲೂ ಇಲ್ಲ. ಅದೇ ನನಗೆ ಸೋಜಿಗವಾಯಿತು. ಕೊನೆಗೆ ಅದನ್ನು ಟ್ರೇಸಿಂಗ್ ಬಟ್ಟೆಗೆ ಮಸಿಯಲ್ಲಿ ಇಳಿಸಿದೆ. ಮೇಣ ಹಚ್ಚಿದ ಹಾಗೆ ನುಣುಪಾದ ಬಟ್ಟೆ ಅದು. ಅದರ ಮೇಲೆ ಮಸಿ ಬಿದ್ದರೆ ರಬ್ಬರಿಗೆ ಹೋಗುವುದಿಲ್ಲ, ಬ್ಲೇಡಿನಿಂದ ಹಗುರವಾಗಿ ಕೆರೆದು ತೆಗೆಯಬೇಕು. ಕೈ ತಪ್ಪಿದರೆ ಬಟ್ಟೆಯೇ ಹರಿಯುತ್ತದೆ.

ಕಳಿಸುವ ದಿನ ಬೆಳಗ್ಗೆ ಶಾಲೆಗೆ ಹೋದರೆ ಮೇಷ್ಟ್ರು ನನ್ನ ಮೇಜಿನ ಮುಂದೆ ಕೂತಿದ್ದರು. ಕೈಯಲ್ಲಿ ಅರ್ಧ ಮುರಿದ ಬ್ಲೇಡು. ಹಿಂದಿನ ಗೋಡೆಯನ್ನು ಕೆರೆಯುತ್ತಿದ್ದರು.

"ಏನ್ ಮಾಡ್ತಿದ್ದೀರಾ ಸಾ?"

"ಇತ್ಲ ಬಾಗ್ಲು ಇಡ್ತಿದೀನಿ ಕಣವ್ವಾ."

"ಬ್ಯಾಡ ಸಾ! ನೀವೇ ಬ್ಯಾಡ ಅಂದಿದ್ರಿ. ನಾನು ಒಪ್ಪಾಕಿಲ್ಲ. ಸೋತ್ರೂ ಸರಿ."

"ಸೋತ್ರೂ ಸರಿ ಅನ್ನಕ್ಕೆ ನಿಂಗೆ ವಯಸ್ಸದೆ. ನಂಗೆ ಇನ್ನೊಬ್ರು ಸೋಲಾದ್ನ ನೋಡಾಕಾಗಾಕಿಲ್ಲ. ಸಾಕಾಗದೆ ಕಣವ್ವಾ ನಂಗೆ."

"ಅಂಗಾದ್ರೆ ಬ್ಲೇಡ್ ನಂಗ್ ಕೊಡಿ, ನಾನೇ ಬರೀತೀನಿ."

"ನೀನು ಮುಟ್ಬ್ಯಾಡ" ಎಂದರು, ಮೊದಲ ಸಲ ಗದರಿಕೊಂಡು. "ಇದು ನಂಗ್ ಗೊತ್ತಿರೋ ದಾರಿ. ಅಗಲ ಎಷ್ಟು, ತಿರುವು ಎಲ್ಲಿ, ಬುಟ್ಟಿ ಎಲ್ಲಿ ಇಳುಸ್ತಾರೆ, ಎಲ್ಲಾ ಗೊತ್ತದೆ."

ಗೋಡೆ ಕೆರೆದ ಜಾಗದಲ್ಲಿ ಅವರು ಒಂದು ಬಾಗಿಲು ಬರೆದರು. ಅದರಾಚೆಗೆ ಎರಡು ಗೆರೆ ಎಳೆದು ಸಂದಿ ಮಾಡಿದರು. ಎಂಥ ಗೆರೆ ಅಂತೀರಿ, ಕೂದಲೆಳೆಯಷ್ಟೂ ಅಲುಗಲಿಲ್ಲ. ಆಮೇಲೆ ಕರ್ಚೀಫಿನಿಂದ ಹುಡಿ ಒರೆಸಿ, ಎದ್ದು, ಮುಂಬಾಗಿಲಿನಿಂದ ಹೊರಗೆ ಹೋದರು. ನಾನು ಮೇಜಿಗೆ ತಲೆಕೊಟ್ಟು ಅತ್ತೆ. ಕೋಪ ಬಂದಿತ್ತು ನನಗೆ, ಕೆಟ್ಟ ಕೋಪ. ಇಷ್ಟು ವರ್ಷ ಬಡಿದುಕೊಂಡು ಬಂದದ್ದನ್ನು ನನ್ನ ತಲೆಗೆ ಕಟ್ಟಿ ಕೈಬಿಟ್ಟರಲ್ಲ ಈ ಮನುಷ್ಯ ಅಂತ. ಎಷ್ಟೋ ದಿನ ಅವರಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಅವರೂ ಕೆಣಕಲಿಲ್ಲ.

ಕಪ್ಪು ನನಗೇ ಬಂತು.

ಬೆಂಗಳೂರಿನ ದೊಡ್ಡ ಹಾಲಿನಲ್ಲಿ ಸಮಾರಂಭ. ಸೂಟು, ಪೇಟ, ಗಂಧದ ಹಾರ. ಮೇಷ್ಟ್ರು ನನ್ನ ಜೊತೆಗೆ ಬಂದಿದ್ದರು, ಹಿಂದಿನ ಸಾಲಿನಲ್ಲಿ ಕೊಡೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಧ್ಯಕ್ಷರು ನನ್ನ ನಕ್ಷೆ ಎತ್ತಿ ಹಿಡಿದು ಹೊಗಳಿದ್ದೇ ಹೊಗಳಿದ್ದು. "ಈ ವೃತ್ತಿಗೆ ಹೆಣ್ಣುಮಕ್ಕಳೂ ಬರಬೇಕು ಎಂಬುದಕ್ಕೆ ಇದೇ ಸಾಕ್ಷಿ. ಮನೆಯ ಹಿತ್ತಿಲಿನ ಅನುಕೂಲ ಹೆಂಗಸಿಗೆ ಗೊತ್ತಿರುವ ಹಾಗೆ ಗಂಡಸಿಗೆ ಗೊತ್ತಿರುವುದಿಲ್ಲ. ಕೆಲಸದವರ ದಾರಿಯನ್ನು ಈಕೆ ಎಷ್ಟು ಅಚ್ಚುಕಟ್ಟಾಗಿ ಕಣ್ಣಿಗೆ ಬೀಳದಂತೆ ಇಟ್ಟಿದ್ದಾಳೆ ನೋಡಿ!" ಎಂದರು. ಚಪ್ಪಾಳೆಯೋ ಚಪ್ಪಾಳೆ. ನಾನು ಹಿಂದಿನ ಸಾಲು ನೋಡಿದೆ. ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಗಾಯದ ಮೇಲೆ ಬರೆ ಎಂದರೆ ಏನು ಅಂತ ನನಗೆ ಅಂದು ಗೊತ್ತಾಯಿತು.

ವಾಪಸ್ಸು ಬರುವ ಬಸ್ಸಿನಲ್ಲಿ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಅವರ ಪಕ್ಕ ಕೂತಿದ್ದೆ. ಚನ್ನರಾಯಪಟ್ಟಣದಲ್ಲಿ ಬಸ್ಸು ನಿಂತಾಗ ಕಡಲೆಕಾಯಿ ಕೊಂಡು ನನ್ನ ಮಡಿಲಿಗೆ ಹಾಕಿದರು. ಆಗ ತಡೆಯಲಾರದೆ ಕೇಳಿದೆ. "ಯಾಕ್ ಸಾ ಅಂಗ್ ಮಾಡುದ್ರಿ?"

"ಏನ್ ಮಾಡ್ಲವ್ವಾ? ಒಂದ್ ಕೈಲಿ ನೀನು, ಒಂದ್ ಕೈಲಿ ಗುಡಿಸೋಳು. ಇಬ್ರುನ್ನೂ ಒಟ್ಗೆ ಕರ್ಕಂಡೋದ್ರೆ ಬಾಗ್ಲು ತೆಗೆಯಾಕಿಲ್ಲ ಅವ್ರು. ಒಂದ್ಸಲಕ್ಕೆ ಒಬ್ರುನ್ನೇ ಬುಡಾದು. ಈ ಸಲ ನೀನು ಓಗು."

"ಮತ್ತೆ ಅವ್ಳು?"

ಅವರು ಕಿಟಕಿಯಾಚೆ ನೋಡುತ್ತ, "ಕಪ್ಪು ಸೆರಗಲ್ಲಿ ಸುತ್ಕೊ, ದೂಳು ಕುಂತ್ಕೊತದೆ" ಎಂದರು.

ಶಾಂತಿಗ್ರಾಮ ದಾರಿಯಲ್ಲೇ ಇರುವುದರಿಂದ ಕಪ್ಪು ತೋರಿಸಿ ಹೋಗೋಣವೆಂದು ಅವರನ್ನೂ ಬಲವಂತ ಮಾಡಿ ಇಳಿಸಿದೆ. ಮನೆಯ ಜಗಲಿಯ ತುಂಬ ಜನ ಸೇರಿಬಿಟ್ಟರು. ಕಪ್ಪು ಕೈಯಿಂದ ಕೈಗೆ ಹೋಯಿತು, ಒಬ್ಬರು ತೂಕ ನೋಡಿದರು, ಒಬ್ಬರು ಉಗುರಿನಿಂದ ಕೆರೆದು ನೋಡಿದರು. ಆ ಗಲಾಟೆಯಲ್ಲಿ ಅಪ್ಪ, "ಮೇಷ್ಟ್ರೆಲ್ಲವ್ವಾ?" ಎಂದು ಕೇಳಿದಾಗಲೇ ನನಗೆ ಎಚ್ಚರವಾದದ್ದು. ಬೀದಿಯಲ್ಲಿ ಇಲ್ಲ, ಬಸ್ಸಿನ ಕಡೆ ಇಲ್ಲ. ಹುಡುಕುತ್ತ ಹಿತ್ತಿಲಿಗೆ ಹೋದೆ. ಕೊಟ್ಟಿಗೆಯ ಪಕ್ಕ, ನಮ್ಮ ಹಿತ್ತಿಲ ಬಾಗಿಲ ಮುಂದೆ, ಕೊಡೆ ಹಿಡಿದುಕೊಂಡು ನಿಂತಿದ್ದರು. ಶಾಲೆಯ ಕಟ್ಟಡವನ್ನು ಮಳೆಯಲ್ಲಿ ಸುತ್ತು ಹಾಕಿ ಮುಂಬಾಗಿಲಿಗೇ ಬರುತ್ತಿದ್ದವರು!

"ಸಾ, ಇಲ್ಲ್ಯಾಕ್ ನಿಂತ್ರಿ?"

ಅವರು ಸುತ್ತ ನೋಡಿಕೊಂಡರು, ಆಗ ತಾನೇ ನಿದ್ದೆಯಿಂದ ಎದ್ದವರ ಹಾಗೆ. ಮುಖ ಸಣ್ಣದಾಯಿತು. "ಕಾಲು ಬಂದ್ಬುಟ್ಟೋ ಕಣವ್ವಾ" ಎಂದರು. "ನಾನು ಬರ್ಲಿಲ್ಲ."

ಕೈ ಹಿಡಿದು ಮುಂದಕ್ಕೆ ಕರೆದುಕೊಂಡು ಬಂದೆ. ಅಪ್ಪ ಎದ್ದು ನಿಂತು ಜಗಲಿಯ ಮೇಲೆ ಕೂರಿಸಿದರು, ಅಷ್ಟರಮಟ್ಟಿಗೆ ಅಪ್ಪ ದೊಡ್ಡವರು. ಒಳಗಿನಿಂದ ಕಾಫಿ ಬಂತು. ಎಲ್ಲರಿಗೂ ಹಿತ್ತಾಳೆ ಲೋಟ, ಮೇಷ್ಟ್ರಿಗೆ ಮಾತ್ರ ಗಾಜಿನ ಲೋಟ. ನಾನು ಒಳಗೆ ನುಗ್ಗಿ ಅಜ್ಜಿಯ ಮೇಲೆ ಹಾರಾಡಿದೆ. ಅಜ್ಜಿ ಒಲೆಯ ಮುಂದಿನಿಂದ ಅಲ್ಲಾಡದೆ, "ಅವ್ರೇ ಏನೂ ಅನ್ನಾಕಿಲ್ಲ, ನಿಂದೇನ್ಲೇ?" ಎಂದಳು. ಹೊರಗೆ ಬಂದರೆ ಅವರು ಕುಡಿದು, ಲೋಟವನ್ನು ತಾವೇ ತೊಳೆದು, ಜಗಲಿಯ ಅಂಚಿನಲ್ಲಿ ಬೋರಲು ಹಾಕಿ, ಮುಂದಿನ ಬಸ್ಸಿಗೆ ಹೊರಟು ನಿಂತಿದ್ದರು. ಬೆಳ್ಳಿಯ ಕಪ್ಪನ್ನು ಬಾವಿಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ, ಈಗಲೂ ಅಟ್ಟದ ಮೇಲಿದೆ.

ನನಗೆ ಹಾಸನದ ಕಚೇರಿಯಲ್ಲಿ ಕೆಲಸವಾಯಿತು. ದುದ್ದದ ಗಂಡೂ ಕಾದಿದ್ದರು, ಕೆಲಸದಲ್ಲಿರುವ ಹೆಂಡತಿಯೇ ಆಗಲಿ ಅಂದರು, ಅವರನ್ನೇ ಮದುವೆಯಾದೆ. ಕಚೇರಿಯಲ್ಲಿ ನನಗೆ ಕೂರಲು ಜಾಗ ಕೊಟ್ಟದ್ದು ಹಳೆಯ ಕಡತದ ಕೋಣೆಯ ಪಕ್ಕ, ಗಂಡಸರ ಕಣ್ಣಿಗೆ ಬೀಳದ ಹಾಗೆ. ಆಮೇಲಾಮೇಲೆ ಎಲ್ಲ ಸರಿಹೋಯಿತು ಅನ್ನಿ. ಈಗ ನನ್ನನ್ನು ಜಿಲ್ಲೆಯಲ್ಲಿ ನಕ್ಷೆ ಬರೆದ ಮೊದಲ ಮಹಿಳೆ ಅಂತ ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ, ವಿದ್ಯಾರ್ಥಿಗಳ ಸ್ಪರ್ಧೆಗೆ ತೀರ್ಪು ಹೇಳಲು ಕೂರಿಸುತ್ತಾರೆ. ಹೋಗುತ್ತೇನೆ, ಕೂರುತ್ತೇನೆ. "ಗುಡಿಸುವವಳು ಎಲ್ಲಿಂದ ಬರುತ್ತಾಳೆ?" ಎಂದು ಒಂದೇ ಪ್ರಶ್ನೆ ಕೇಳುತ್ತೇನೆ. ಮಕ್ಕಳು ಖುಷಿಯಿಂದ ಕೆಲಸದವರಿಗೆಂದೇ ಇಟ್ಟ ಹಿಂದಿನ ಲಿಫ್ಟು ತೋರಿಸುತ್ತಾರೆ. ಏನು ಹೇಳಲಿ? ಸುಸ್ತಾಗುತ್ತದೆ.

ಅರವತ್ತರ ದಶಕದ ನಡುವೆ ಮೇಷ್ಟ್ರು ನಿವೃತ್ತರಾದರು. ಹೆಂಡತಿ ಚಿಕ್ಕತಾಯಮ್ಮನ ಊರು ಅರಕಲಗೂಡು. ಅಲ್ಲಿ ಒಂದು ಸೈಟು ಕೊಂಡು, ಜನ್ಮದಲ್ಲಿ ಮೊದಲ ಸಲ ತಮಗಾಗಿ ಒಂದು ಮನೆ ಬರೆದರು. ಒಂದೇ ಬಾಗಿಲಿನ ಮನೆ. ಮಂಜೂರಾತಿಗೆ ಕೊಟ್ಟು ಬಂದ ಮೇಲೆ ಒಂದು ದಿನ ಹಾಸನದ ನಮ್ಮ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ಕೂತು ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು.

"ಏನಾಯ್ತು ಸಾ?"

"ನನ್ ಪ್ಲ್ಯಾನು ವಾಪಸ್ ಬಂತು ಕಣವ್ವಾ. ಇತ್ಲ ಬಾಗ್ಲಿಲ್ಲ, ಇಂದುಗಡೆ ಸಂದಿ ಬುಟ್ಟಿಲ್ಲ, ರೂಲ್ಸಿಗೆ ಒಪ್ಪಾಕಿಲ್ಲ ಅಂದ್ರು. ಇಗಾ, ಇಂಗೆ ಬರ್ಕಂಡು ಬನ್ನಿ ಅಂತ ಒಂದ್ ಮಾದರಿ ಕೊಟ್ಟವ್ರೆ ನೋಡು."

ಸುರುಳಿ ಬಿಚ್ಚಿದರೆ ನನ್ನ ನಕ್ಷೆ! ಬಹುಮಾನ ಬಂದದ್ದೇ ಅದನ್ನು ನೀಲಿ ಪ್ರಿಂಟು ಮಾಡಿ ಊರೂರಿಗೆ ಮಾದರಿ ಎಂದು ಕಳಿಸಿದ್ದರು. ಹಿಂದೆ ಮೇಷ್ಟ್ರು ಬ್ಲೇಡಿನಲ್ಲಿ ಕೆರೆದು ತಾವೇ ಎಳೆದ ಆ ಎರಡು ಗೆರೆ, ಆ ಬಾಗಿಲು, ಬೆಳ್ಳಗೆ ಎದ್ದು ಕಾಣುತ್ತಿತ್ತು. "ನನ್ ಗೆರೆ ನನ್ ಮನೆ ಬಾಗ್ಲಿಗೇ ಬಂತಲ್ಲವ್ವಾ" ಎಂದರು. ನನಗೆ ನಗು ಬರಲಿಲ್ಲ. "ನಾನು ಯಾರನ್ನಾದ್ರೂ ಕೇಳ್ತೀನಿ ಸಾ" ಎಂದೆ. "ಬ್ಯಾಡ ಬುಡು. ಬಾಗ್ಲು ಇಡ್ಬೇಕು ಅಂತ ರೂಲ್ಸದೆ. ತೆಗೀಲೇಬೇಕು ಅಂತ ರೂಲ್ಸಿಲ್ವಲ್ಲ?" ಎಂದು ಎದ್ದು ಹೋದರು.

ಮನೆ ಮುಗಿದ ಮೇಲೆ ನೋಡಲು ಹೋದೆ. ಅದೇ ಕೊನೆಯ ಭೇಟಿ ಆಗುತ್ತದೆ ಅಂತ ನನಗೇನು ಗೊತ್ತಿತ್ತು? ರೂಲ್ಸಿನ ಪ್ರಕಾರ ಹಿತ್ತಿಲ ಬಾಗಿಲು ಇಟ್ಟಿದ್ದರು. ಅದಕ್ಕೆ ಒಳಗಿನಿಂದ ಅಗುಳಿ ಹಾಕಿ, ತಮ್ಮ ನಕ್ಷೆ ಬರೆಯುವ ಭಾರದ ಮೇಜನ್ನು ಅಡ್ಡ ಒತ್ತರಿಸಿ, ಅದರ ಮುಂದೆ ಕೂತಿದ್ದರು. ಚಿಕ್ಕತಾಯಮ್ಮ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತ ಬಂದು ನನ್ನ ಹತ್ತಿರ ದೂರು ಹೇಳಿದರು. "ನೀನಾರ ಏಳವ್ವಾ. ಉಬ್ಸಕ್ಕೆ ಗಾಳಿ ಬೇಕು ಅಂತ ಡಾಕ್ಟ್ರು ಏಳವ್ರೆ. ಬಾಗ್ಲು ಇಟ್ಟು ಮೇಜು ಅಡ್ಡ ಇಕ್ಕಂಡು ಕುಂತವ್ನೆ ಈ ಯಪ್ಪ. ಬೂದಿ, ಮುಸುರೆ ಎಲ್ಲಾನೂ ಮುಂದ್ಲಿಂದ್ಲೇ ಒತ್ಕಂಡೋಗ್ಬೇಕು ನಾನು." ಮೇಷ್ಟ್ರು ಕೇಳಿಸಿಕೊಂಡರೂ ಕೇಳದವರ ಹಾಗೆ ಪೆನ್ಸಿಲು ಹೆರೆಯುತ್ತಿದ್ದರು. ಅಷ್ಟರಲ್ಲಿ ಆ ಬಾಗಿಲಿನ ಹೊರಗಿನಿಂದ ಯಾರೋ ತಟ್ಟಿದರು.

"ಮುಂದುಕ್ ಬಾರಮ್ಮೋ!" ಎಂದು ಮೇಷ್ಟ್ರು ಕೂಗಿದರು.

ಸ್ವಲ್ಪ ಹೊತ್ತಿಗೆ ಪೊರಕೆ ಹಿಡಿದ ಒಬ್ಬ ಮುದುಕಿ ಮುಂಬಾಗಿಲಲ್ಲಿ ಕಾಣಿಸಿಕೊಂಡಳು. ಆ ಬೀದಿ ಗುಡಿಸುವ ಮುನಿಯಮ್ಮ. "ಈ ಯಪ್ಪಂದು ದಿನಾ ಇದೇ ಗೋಳು. ಇಡೀ ಮನೆ ಸುತ್ತಾಕಿಸ್ತದೆ ನನ್ನ" ಎಂದು ಗೊಣಗುತ್ತ ಹೊಸ್ತಿಲು ದಾಟಿದಳು. ಚಿಕ್ಕತಾಯಮ್ಮ ಲೋಟದಲ್ಲಿ ಕಾಫಿ ತಂದುಕೊಟ್ಟರು. ಅದೇ ಥರದ ಲೋಟ ನನಗೂ, ಮೇಷ್ಟ್ರಿಗೂ. "ದಿನಾ ಇಂದುಕ್ಕೇ ಓಯ್ತಾಳೆ, ದಿನಾ ಕರೀತೀನಿ" ಎಂದು ಮೇಷ್ಟ್ರು ನನಗೆ ಹೇಳಿದರು. "ಅವ್ಳ ತಪ್ಪಲ್ಲ, ಕಾಲಿನ್ ತಪ್ಪು. ಎಷ್ಟ್ ದಿನ ಓಯ್ತವೆ ನೋಡೇಬುಡಾನ." ಉಸಿರು ಎಳೆದೆಳೆದು ಬರುತ್ತಿತ್ತು. ಹೊರಡುವಾಗ ಕೆಂಪು-ನೀಲಿ ಪೆನ್ಸಿಲು ನನ್ನ ಕೈಗಿಟ್ಟು, "ನೀಲಿ ಕಡೆ ಇನ್ನೂ ಉದ್ದ ಅದೆ, ಕೆಂಪೇ ಸವೆದೋಗದೆ" ಎಂದರು.

ಅವರು ತೀರಿಕೊಂಡ ಸುದ್ದಿ ಬಂದ ದಿನ ಸಿಕ್ಕಿದ ಬಸ್ಸು ಹತ್ತಿ ಅರಕಲಗೂಡಿಗೆ ಹೋದೆ. ಮನೆಯ ಮುಂದೆ ಗಂಡಸರು ತುಂಬಿಕೊಂಡಿದ್ದರು. ಪಕ್ಕದ ಹಾದಿಯಲ್ಲಿ ಇಣುಕಿದರೆ ಹಿತ್ತಿಲ ಬಾಗಿಲು ಹಾರುಹೊಡೆದಿತ್ತು. ಮೇಜನ್ನು ಅಂಗಳಕ್ಕೆ ತಂದು ಹಾಕಿದ್ದರು, ಅದರ ಮೇಲೆ ಯಾರೋ ನೀರಿನ ಬಿಂದಿಗೆ ಇಟ್ಟಿದ್ದರು. ಚಿಕ್ಕತಾಯಮ್ಮ ನನ್ನನ್ನು ಕಂಡು, "ಇಂಗೇ ಬಾರವ್ವಾ, ಮುಂದ್ಗಡೆ ಜನ ಅವ್ರೆ" ಎಂದು ಕೈಬೀಸಿ ಕರೆದರು. ಹತ್ತಿರ ಹೋದಾಗ ಕೈ ಹಿಡಿದುಕೊಂಡು ಅತ್ತರು. "ಇದ್ದಾಗ ಒಂದಿನ ತೆಗೆಯಾಕ್ ಬುಡ್ಲಿಲ್ಲ. ಇವತ್ ತೆಗ್ದೆ. ಎಷ್ಟ್ ಗಾಳಿ ಬತ್ತದೆ ನೋಡವ್ವಾ, ಇಷ್ಟ್ ಗಾಳಿ ಇತ್ತಲ್ಲ ಇಲ್ಲೇ!" ನಿಜ, ತಣ್ಣನೆಯ ಗಾಳಿ ಬರುತ್ತಿತ್ತು. ಚಿಕ್ಕತಾಯಮ್ಮನದು ತಪ್ಪು ಅಂತ ಯಾವ ಬಾಯಲ್ಲಿ ಅನ್ನಲಿ? ನನಗೂ ಬಿಸಿಲಲ್ಲಿ ನಡೆದು ಸಾಕಾಗಿತ್ತು. ಒಳಗೆ ಹೋಗುವುದೆಂದು ಕಾಲೆತ್ತಿದೆ.

ಆಗ ಸಂದಿಯ ಕಡೆಯಿಂದ ಮುನಿಯಮ್ಮ ಬಂದಳು. ಕೈಯಲ್ಲಿ ಪೊರಕೆ ಇರಲಿಲ್ಲ, ಒಂದಿಷ್ಟು ಹೂವಿತ್ತು. ತೆರೆದ ಬಾಗಿಲ ಮುಂದೆಯೇ ಹಾದು, ನಮ್ಮನ್ನು ದಾಟಿಕೊಂಡು, ಮುಂದಿನ ಕಡೆಗೆ ನಡೆದಳು.

"ಮುನಿಯಮ್ಮ, ಇತ್ಲ ಬಾಗ್ಲು ತೆಗ್ದದಲ್ಲ?" ಎಂದೆ.

ಅವಳು ನಿಂತು ತಿರುಗಿ ಬಾಗಿಲು ನೋಡಿದಳು, ನನ್ನನ್ನು ನೋಡಿದಳು. "ಅಯ್ಯೋ, ನೋಡ್ಲೇ ಇಲ್ಲ ಕಣವ್ವಾ" ಎಂದಳು. "ಕಾಲು ಇಂಗೇ ಬಂದ್ಬುಟ್ಟೋ."

ಅವಳು ತಿರುಗಿ ಬರಲಿಲ್ಲ. ಗಂಡಸರು ಸರಿದು ದಾರಿ ಬಿಟ್ಟರು. ಅವಳ ಹಿಂದೆಯೇ ನಾನೂ ಸುತ್ತು ಹಾಕಿ ಮುಂಬಾಗಿಲಿನಿಂದ ಒಳಗೆ ಹೋದೆ.